ಗೋಡೆಗೆ ಬಂದ ಸುದ್ದಿ

ನಮ್ಮ ಊರಿನಲ್ಲಿ ಹೊರಗೆ ಹೋದವರ ಸುದ್ದಿ ಮೊದಲು ಗೋಡೆಗೆ ಬರುತ್ತದೆ. ಫೋನು ಆಮೇಲೆ, ಮನುಷ್ಯರು ಅದಕ್ಕೂ ಆಮೇಲೆ. ದೂರದಲ್ಲಿ ದುಡಿಯಲು ಹೋದವನು ತೀರಿಕೊಂಡರೆ ಇಲ್ಲಿ ಅವನ ಜನ ಇರುವ ಮನೆಯ ಗೋಡೆ ನೆಲದಿಂದ ಮೇಲಕ್ಕೆ ಒದ್ದೆಯಾಗುತ್ತದೆ. ಸ್ವಂತ ಮನೆಯಾದರೂ ಅಷ್ಟೇ, ಬಾಡಿಗೆ ಮನೆಯಾದರೂ ಅಷ್ಟೇ. ಪಕ್ಕದ ಓಣಿಯ ಸಂಗವ್ವ ಹಿಟ್ಟು ನಾದುತ್ತ ಗೋಡೆಗೆ ಒರಗಿದವಳು, ಬೆನ್ನಿಗೆ ತಣ್ಣಗೆ ಹತ್ತಿತೆಂದು ಹೊರಳಿ ನೋಡಿ, ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿಬಂದು ಕೂಗಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಅವಳ ಅಣ್ಣ ಯಾವುದೋ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಓಣಿಯ ಹೆಂಗಸರೆಲ್ಲ ಬಂದು ಅಳಲು ಕೂತ ಮೇಲೆ ಅವಳ ಫೋನು ಸದ್ದು ಮಾಡಿತು. ಹಾಗೆಂದು ಬೇರೆ ಒದ್ದೆ ಇಲ್ಲವೆಂದಲ್ಲ. ಮಳೆಗೆ ಗೋಡೆ ನೆನೆಯುತ್ತದೆ, ನಳ ಒಡೆಯುತ್ತದೆ, ಮಾಳಿಗೆಯ ನೀರಿನ ಟಾಕಿ ಸೋರುತ್ತದೆ. ಅಂಥವು ರಿಪೇರಿ ಮಾಡಿಸಿದರೆ ಒಣಗುತ್ತವೆ. ಈ ಒದ್ದೆ ಮಾತ್ರ ಹೋದವನಿಗೆ ಮಣ್ಣು ಕೊಡುವವರೆಗೆ ಒಣಗುವುದಿಲ್ಲ. ದೇಹ ಸಿಗದಿದ್ದರೆ ಅವನ ಬಟ್ಟೆಗೆ ಮಣ್ಣು ಕೊಡುತ್ತಾರೆ.

ನನ್ನ ಗಂಡ ಫಕೀರಪ್ಪ ಬೋರು ಕೊರೆಯುವ ಲಾರಿಯ ಮೇಲೆ ದುಡಿಯುತ್ತಿದ್ದ. ಬೇಸಿಗೆ ಹತ್ತಿತೆಂದರೆ ಆ ಲಾರಿ ನಮಗೆ ಭಾಷೆಯೇ ತಿಳಿಯದ ಸೀಮೆಗಳನ್ನೆಲ್ಲ ಸುತ್ತಿ ಮಳೆಗಾಲಕ್ಕೆ ತಿರುಗಿ ಬರುತ್ತಿತ್ತು. ಬಂದಾಗ ಅವನ ಹುಬ್ಬು, ಕಿವಿಯ ಸಂದಿ, ಉಗುರು ಎಲ್ಲ ಬಿಳಿಯ ಕಲ್ಲುಪುಡಿ. ಅವನ ತಾಯಿ, ನನ್ನ ಅತ್ತೆ ಕಾಶವ್ವ, ಬಾಗಿಲಲ್ಲೇ ನಿಲ್ಲಿಸಿ ಮೈಮೇಲೆ ಕೊಡ ನೀರು ಸುರಿದು, "ಈಗ ನನ್ನ ಮಗನಂಗ ಕಾಣಾಕತ್ತಿ, ಬಾ ಒಳಗ" ಎನ್ನುತ್ತಿದ್ದಳು. ಕಡೆಯ ಸಲ ಹೋದವನು ಮೊದಮೊದಲು ಫೋನು ಮಾಡುತ್ತಿದ್ದ, ಆಮೇಲೆ ಮಾಡಲಿಲ್ಲ. ಮಳೆಗಾಲಕ್ಕೆ ಲಾರಿ ಬಂತು, ಅವನು ಬರಲಿಲ್ಲ. ಲಾರಿಯ ಮಾಲೀಕ ನಮ್ಮ ಕಟ್ಟೆಯ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದ. ದಾರಿಯ ಮೇಲಿನ ಒಂದು ಊರಲ್ಲಿ ಜ್ವರದ ಗುಳಿಗೆ ತರುತ್ತೇನೆಂದು ಇಳಿದನಂತೆ. ಸಂಜೆಯ ತನಕ ಕಾದರಂತೆ. ಆ ಊರಿನ ಹೆಸರು ಕೇಳಿದರೆ ಎರಡು ಹೆಸರು ಹೇಳಿ, ಎರಡೂ ಅಲ್ಲವೇನೋ ಎಂದ.

ನಾವು ಪೊಲೀಸರಿಗೆ ಹೇಳಿದೆವು, ಆ ಕಡೆ ಹೋಗುವ ಲಾರಿಯವರ ಕೈಗೆಲ್ಲ ಅವನ ಫೋಟೋ ಕೊಟ್ಟೆವು. ಆದರೆ ನಿಜವಾಗಿ ನಮ್ಮನ್ನು ನಡೆಸಿದ್ದು ಗೋಡೆ. ಅಂದಾನೆಪ್ಪನವರ ಹಿಟ್ಟಿನ ಗಿರಣಿಗೆ ಹತ್ತಿಕೊಂಡೇ ಇದ್ದ, ಅವರದೇ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಫಕೀರಪ್ಪ ಊರಲ್ಲಿದ್ದಾಗಲೇ ಹಿಡಿದದ್ದು. ಮುಂದಿನ ಕೋಣೆಯಲ್ಲಿ ಒಲೆ, ಒಳಗಿನ ಕೋಣೆಯಲ್ಲಿ ಹಾಸಿಗೆ ಮತ್ತು ಟ್ರಂಕು. ಅತ್ತೆ ದಿನಾ ಬೆಳಗ್ಗೆ ಎದ್ದು, ಮುಖ ತೊಳೆಯುವುದಕ್ಕೂ ಮೊದಲು, ಗೋಡೆಯ ಬುಡಕ್ಕೆ ಅಂಗೈ ಇಟ್ಟು ನೋಡುತ್ತಿದ್ದಳು. ಬೆಚ್ಚಗಿನ ಒಣ ಸುಣ್ಣ ಕೈಗೆ ಹತ್ತುತ್ತಿತ್ತು. "ಅದಾನ" ಎನ್ನುತ್ತಿದ್ದಳು. ಆಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. ನನ್ನ ಅಣ್ಣ ತವರಿಗೆ ಕರೆದೊಯ್ಯಲು ಬಂದಾಗ ನಾನೂ, "ಮುಟ್ಟಿ ನೋಡಣ್ಣ, ಆಮ್ಯಾಲ ಮಾತಾಡು" ಎಂದಿದ್ದೆ. ಅವನು ಮುಟ್ಟಿ ನೋಡಿದ, ಉಂಡ, ಸುಮ್ಮನೆ ಹೋದ. ಗಂಡ ಎಲ್ಲಿದ್ದಾನೆ, ಯಾಕೆ ಬರುತ್ತಿಲ್ಲ, ಮತ್ತೊಬ್ಬಳ ಜೊತೆ ಇದ್ದಾನೋ ಎಂದು ಜನ ಬೇಕಾದ್ದು ಆಡಿಕೊಂಡರು. ಇರಲಿ, ಯಾರ ಜೊತೆಗಾದರೂ ಇರಲಿ ಎನಿಸುತ್ತಿತ್ತು ನನಗೆ.

ಹೊಟ್ಟೆಗೆ ನಾವಿಬ್ಬರೂ ಖಾನಾವಳಿಗಳಿಗೆ ಕಟಕ ರೊಟ್ಟಿ ಬಡಿದು ಕೊಡುತ್ತಿದ್ದೆವು. ಅತ್ತೆ ಬಡಿಯುವವಳು, ನಾನು ಸುಡುವವಳು. ಸುಟ್ಟ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ ಗರಿಗರಿ ಮಾಡಿ ಬುಟ್ಟಿಗೆ ಜೋಡಿಸುತ್ತಿದ್ದೆವು. ಒಣಗಿದ ರೊಟ್ಟಿ ಬುಟ್ಟಿಯಲ್ಲಿ ಎಷ್ಟು ದಿನವಾದರೂ ಇರುತ್ತದೆ, ಹವೆ ತಾಗಬಾರದು ಅಷ್ಟೇ.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಮಳೆ ನಿಂತು ಎಷ್ಟೋ ದಿನವಾಗಿತ್ತು. ಅತ್ತೆ ಖಾನಾವಳಿಗೆ ರೊಟ್ಟಿ ಕೊಡಲು ಹೋದಾಗ ನಾನು ಕಸ ಹೊಡೆಯುತ್ತ ಮೂಲೆಯ ಬುಟ್ಟಿ ಸರಿಸಿದೆ. ಬುಟ್ಟಿಯ ಅಡಿ ಮೆತ್ತಗಾಗಿತ್ತು. ಅದರ ಹಿಂದೆ ಗೋಡೆಯ ಬುಡ ಕಪ್ಪಾಗಿ, ತಂಬಿಗೆ ನೀರು ಚೆಲ್ಲಿದಂತೆ ಕಾಣುತ್ತಿತ್ತು. ನಾನು ನೀರು ಚೆಲ್ಲಿದ್ದೆನೇ ಎಂದು ನೆನಪಿಸಿಕೊಂಡೆ. ಚೆಲ್ಲಿದ್ದೇನೆ ಎಂದೇ ನಿಶ್ಚಯ ಮಾಡಿಕೊಂಡೆ. ಒಣ ಅರಿವೆಯಿಂದ ಒರೆಸಿ, ಒಲೆಯ ಕೆಂಡವನ್ನು ತವೆಯಲ್ಲಿ ಹಾಕಿ ಅದರ ಮುಂದಿಟ್ಟು ಕೂತೆ. ಅತ್ತೆಯ ಚಪ್ಪಲಿಯ ಸದ್ದು ಕೇಳಿದಾಗ ತವೆ ತೆಗೆದು ಬುಟ್ಟಿ ಮೊದಲಿನಂತೆ ಇಟ್ಟೆ. ನಮ್ಮ ಅತ್ತೆ ಕೈಯಿಟ್ಟು ನೋಡುತ್ತಿದ್ದದ್ದು ಬಾಗಿಲ ಬಳಿಯ ಗೋಡೆ. ಮೂಲೆಯದಲ್ಲ. ಅದೇ ನನ್ನ ಪುಣ್ಯ ಎಂದುಕೊಂಡೆ.

ಮರುದಿನ ಒದ್ದೆ ಇನ್ನೊಂದು ಗೇಣು ಏರಿತ್ತು. ಕೆಲವೇ ದಿನಗಳಲ್ಲಿ ಅದರ ಮೇಲೆ ಬೂಷ್ಟು ಬಂತು. ಮೊದಲು ಬೂದಿ ಉದುರಿಸಿದ ಹಾಗೆ, ಆಮೇಲೆ ಹಸಿರು, ಆಮೇಲೆ ಕಪ್ಪು. ಅತ್ತೆ ಹೊರಗೆ ಹೋದಾಗಲೆಲ್ಲ ನಾನು ರೊಟ್ಟಿ ಮಗುಚುವ ಹಳೆಯ ಮೊಗಚಿಕೈಯಿಂದ ಕೆರೆದೆ, ಬೇವಿನ ಎಲೆ ಕುದಿಸಿದ ನೀರಿನಿಂದ ತೊಳೆದೆ, ಅಂಗಡಿಯಿಂದ ಬ್ಲೀಚಿಂಗ್ ಪೌಡರ್ ತಂದು ಸವರಿದೆ. ಕಣ್ಣು ಉರಿದು ನೀರು ಸುರಿಯಿತು. ಅತ್ತೆ ಕೇಳಿದರೆ ಒಲೆಯ ಹೊಗೆ ಎಂದೆ. ಅವಳು, "ಹೌದು, ಈ ಸಲ ಕಟಗಿ ಹಸಿ ಅದಾವ" ಎಂದಳು. ಕಟ್ಟಿಗೆ ಒಣಗಿಯೇ ಇತ್ತು. ಅವಳು ಯಾಕೆ ಹಾಗೆಂದಳು ಎಂದು ನಾನು ಆಗ ಯೋಚಿಸಲಿಲ್ಲ.

ಸುಣ್ಣ ಹಚ್ಚಿಬಿಟ್ಟರೆ ನಿಂತೀತು ಎಂದು ಒಂದು ಮಧ್ಯಾಹ್ನ ಸುಣ್ಣದ ಕುಂಚ ಹುಡುಕಲು ಒಳಗಿನ ಕೋಣೆಗೆ ಹೋದೆ. ಕುಂಚ ಟ್ರಂಕಿನ ಹಿಂದೆ ಇರುತ್ತಿತ್ತು. ಟ್ರಂಕು ಎಳೆದೆ. ಕುಂಚ ಅಲ್ಲೇ ಇತ್ತು, ಆದರೆ ಅದರ ಕೂದಲು ಹಸಿಯಾಗಿತ್ತು. ಹಿಂದಿನ ಗೋಡೆಗೆ ಹೊಸ ಸುಣ್ಣ ಬಳಿದಿತ್ತು, ಒಂದರ ಮೇಲೊಂದು, ದಪ್ಪಗೆ. ಆ ಸುಣ್ಣವನ್ನೂ ಒಡೆದುಕೊಂಡು ಬೂಷ್ಟು ಹೊರಗೆ ಬಂದಿತ್ತು. ನಾನು ಕಂಡ ಮೂಲೆಗಿಂತ ಇದು ಎಷ್ಟೋ ಹಳೆಯದು, ಎಷ್ಟೋ ಎತ್ತರದ್ದು. ಕೆಳಗೆ ಅತ್ತೆಯ ಹಳೆಯ ಸೀರೆಯ ತುಂಡೊಂದು ಹಿಂಡಿ ಮಡಿಸಿಟ್ಟಿತ್ತು.

ನಾನು ಅಲ್ಲೇ ಕೂತುಬಿಟ್ಟೆ. ಅತ್ತೆ ಯಾವಾಗ ಬಂದಳೋ, ಬಾಗಿಲಲ್ಲಿ ನಿಂತಿದ್ದಳು. ಖಾಲಿ ಬುಟ್ಟಿ ಕಂಕುಳಲ್ಲಿತ್ತು.

"ಮುಂದಿನ ಕ್ವಾಣ್ಯಾಗೂ ಬಂದೈತಲ್ಲ?" ಎಂದಳು.

"ನಿನಗ ಗೊತ್ತಿತ್ತಾ ಅತ್ತಿ?"

"ಬ್ಲೀಚಿಂಗ್ ಪೌಡರ್ ವಾಸನಿ ಮೂಗಿಗೆ ಹತ್ತದಿರಾಕ ನಾ ಏನು ಮುದುಕಿ ಆಗೇನೇನು? ನೀ ಕೆರದೀ ಅಂತ ಗೊತ್ತಿತ್ತು. ಸುಮ್ಮನಿದ್ದೆ."

"ಇಲ್ಲಿ ಯಾವಾಗ ನೋಡಿದಿ?"

ಅವಳು ಬುಟ್ಟಿಯನ್ನು ಕೆಳಗಿಟ್ಟಳು. "ದಸರಾಕ್ಕ ಮೊದಲ" ಎಂದಳು.

ದಸರೆಯ ದಿನ ಅವಳು ಹೋಳಿಗೆ ಮಾಡಿ, ಬನ್ನಿ ಕೊಟ್ಟವರಿಗೆಲ್ಲ ಬಂಗಾರದಂಗ ಇರೋಣ ಎಂದು ನಕ್ಕಿದ್ದಳು. ಅಂದೂ ಬೆಳಗ್ಗೆ ಬಾಗಿಲ ಗೋಡೆಗೆ ಕೈಯಿಟ್ಟು, ನನಗೆ ಕೇಳುವ ಹಾಗೆ, "ಅದಾನ" ಎಂದಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಕಾಲು ಹಿಡಿದು ಅಳಬೇಕು ಎನಿಸಿತು. ಆದರೆ ಅತ್ತರೆ ಅದು ಖರೆಯೇ ಆಗಿಬಿಡುತ್ತದೆ ಎಂಬ ಭಯವಿತ್ತು. ಅವಳಿಗೂ ಅದೇ ಇತ್ತೇನೋ. ಇಬ್ಬರೂ ಅಳಲಿಲ್ಲ. ಆಮೇಲೆ ಅವಳೇ, "ಇದು ನಳದ ನೀರು ಇರಬೇಕು ರೇಣಿ. ಗಿರಣಿಯವರ ಬಚ್ಚಲ ಈ ಗೋಡಿ ಆಚೀಕ ಐತಿ" ಎಂದಳು.

"ಹೌದು ಅತ್ತಿ, ಅದ ಇರಬೇಕು" ಎಂದೆ.

ಅಂದಾನೆಪ್ಪನವರು ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು ನೋಡಿದರು. ಅವರು ಒಳ್ಳೆಯ ಮನುಷ್ಯ. ಗೋಡೆ ನೋಡಿದವರ ಮುಖದಲ್ಲಿ ಏನೋ ಬಂದು ಹೋಯಿತು, ಆದರೆ ಬಾಯಿಗೆ ತರಲಿಲ್ಲ. "ಬಚ್ಚಲ ನಳ ಬಾಳ ಹಳೇದು ಯಕ್ಕಾ. ತುಕ್ಕ ಹಿಡದಿರತೈತಿ" ಎಂದರು. ಮರುದಿನವೇ ಗೌಂಡಿ ಹುಸೇನಸಾಬನನ್ನು ಕರೆಸಿದರು. ಅವನು ಬಚ್ಚಲದ ಕಲ್ಲು ಎಬ್ಬಿಸಿ ನಳವನ್ನು ಉದ್ದಕ್ಕೂ ಬಿಚ್ಚಿದ. ನಳ ಗಟ್ಟಿಯಾಗಿತ್ತು. ಅಂದಾನೆಪ್ಪನವರು ಆದರೂ ಹೊಸ ನಳ ಹಾಕಿಸಿದರು. ಟಾಕಿಯನ್ನು ಖಾಲಿ ಮಾಡಿ ಒಣಗಿಸಿದರು. ಒದ್ದೆ ಏರುತ್ತಲೇ ಇತ್ತು. ಕಡೆಗೆ ಹುಸೇನಸಾಬ ನಮ್ಮ ಒಳಗಿನ ಕೋಣೆಯಲ್ಲಿ, ಗೋಡೆಗೆ ಹತ್ತಿಕೊಂಡು, ಬುನಾದಿಯ ತನಕ ಅಗೆದ.

ಅತ್ತೆ ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಾರೆಯ ಪ್ರತಿ ಏಟಿಗೂ ಬಗ್ಗಿ ನೋಡುತ್ತಿದ್ದಳು. ಆಕೆಯ ತುಟಿ ಅಲ್ಲಾಡುತ್ತಿತ್ತು. ನನಗೆ ಗೊತ್ತು, ಅವಳು ದೇವರಲ್ಲಿ ನೀರು ಬೇಡುತ್ತಿದ್ದಳು. ಒಡೆದ ನಳ, ಹೊಲಸು ಗಟಾರ, ಏನಾದರೊಂದು ನೀರು. ಹುಸೇನಸಾಬ ಒಂದು ಹಿಡಿ ಮಣ್ಣು ತೆಗೆದು ಹಿಸುಕಿದ. ಅದು ಅವನ ಬೆರಳ ಸಂದಿಯಿಂದ ಪುಡಿಯಾಗಿ ಉದುರಿತು.

"ಅವ್ವಾರ, ಇಲ್ಲಿ ನೀರ ಇಲ್ರೀ" ಎಂದ.

"ಇನ್ನಷ್ಟು ಅಗಿಯಪ್ಪ."

"ಬುನಾದಿ ಕಲ್ಲ ಬಂತ್ರೀ ಅವ್ವಾರ. ಇದರ ಕೆಳಗ ಏನೂ ಇಲ್ಲ."

"ನೀ ಅಗಿ ಅಂದ್ರ ಅಗಿ."

ಅವನು ಅಗೆದ. ಅವಳಿಗಾಗಿ ಇನ್ನೂ ಬಹಳ ಹೊತ್ತು ಅಗೆದ. ಆಮೇಲೆ ಮೇಲೆ ಬಂದು, ಅಗೆದ ಮಣ್ಣನ್ನು ತಿರುಗಿ ತುಂಬಿ, ಕೈಯಿಂದಲೇ ಒತ್ತಿ ಸಮ ಮಾಡಿದ. ನಾನು ಕೊಟ್ಟ ಚಹಾ ಅವನಿಗೆ ಕುಡಿಯಲು ಆಗಲಿಲ್ಲ.

ಓಣಿಗೆಲ್ಲ ಗೊತ್ತಾಯಿತು. ಹಿರಿಯರು ಬಂದರು, ಮಠದ ಅಯ್ಯನವರು ಬಂದರು. ಎಲ್ಲರೂ ಮೆತ್ತಗೆ ಒಂದೇ ಮಾತು ಹೇಳಿದರು. ಅವನ ಒಂದು ಜೊತೆ ಬಟ್ಟೆ ಕೊಡು ಕಾಶವ್ವ, ಶಾಸ್ತ್ರ ಮುಗಿಸೋಣ, ಮನೆ ಒಣಗುತ್ತದೆ. ಅತ್ತೆ ಗೋಡೆಯ ಕಡೆ ಬೆನ್ನು ಮಾಡಿ ಕೂತು ಎಲ್ಲ ಕೇಳಿದಳು.

"ಗೋಡಿ ಒಣಗಬೇಕು ಅಂತ ನನ್ನ ಮಗನ್ನ ಮಣ್ಣಾಗ ಇಡಲ್ಯಾ?" ಎಂದಳು. ಹಿರಿಯರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಆ ಚಳಿಗಾಲವನ್ನು ನಾವು ಹೇಗೆ ಕಳೆದೆವೋ. ಬೂಷ್ಟು ಜಂತಿಯ ತನಕ ಏರಿತು. ಹಾಸಿಗೆ ಬಿಸಿಲಿಗೆ ಹಾಕಿ ತಂದರೆ ಸಂಜೆಗೆ ಮತ್ತೆ ತಣ್ಣಗೆ. ಕಡ್ಡಿಪೆಟ್ಟಿಗೆ ಹತ್ತುತ್ತಿರಲಿಲ್ಲ, ಅದನ್ನು ಜೋಳದ ಡಬ್ಬಿಯಲ್ಲಿ ಹುಗಿದಿಡುತ್ತಿದ್ದೆ. ಉಪ್ಪು ನೀರಾಯಿತು. ಟ್ರಂಕಿನಲ್ಲಿದ್ದ ಫಕೀರಪ್ಪನ ಅಂಗಿಗಳ ಕಾಲರಿಗೆ ಕಪ್ಪು ಚುಕ್ಕೆ ಬಿದ್ದವು. ರೊಟ್ಟಿಗಳು ಒಲೆಯ ಮುಂದೆ ಗರಿಗರಿಯಾಗಿ ಬುಟ್ಟಿಗೆ ಹೋಗುವಷ್ಟರಲ್ಲಿ ಮೆತ್ತಗಾಗುತ್ತಿದ್ದವು. ಒಂದು ದಿನ ಖಾನಾವಳಿಯ ಗುರಪ್ಪ ಬುಟ್ಟಿಯನ್ನು ತಿರುಗಿ ಕೊಟ್ಟು ಕಳಿಸಿದ. ನಡುವಿನ ರೊಟ್ಟಿಗಳಲ್ಲಿ ಹಸಿರು ಎದ್ದಿತ್ತು. ಅವನು ಬೈದಿರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಗಿರಣಿಯ ಕಡೆಗೂ ವಾಸನೆ ದಾಟಿತು. ಅಂದಾನೆಪ್ಪನವರು ಬಾಗಿಲಲ್ಲಿ ನಿಂತು, ಒಳಗೆ ಬರದೆ, "ಯಕ್ಕಾ, ಮಂದಿ ಹಿಟ್ಟ ವಾಪಸ್ ತರಾಕತ್ತಾರ. ನಾ ಏನು ಮಾಡ್ಲಿ ನೀನ ಹೇಳು" ಎಂದರು. ಅತ್ತೆ, "ಬಿಡ್ತೀವಪ್ಪಾ ಮನೀ, ಬೇರೆ ಕಡೆ ನೋಡ್ತೀವಿ" ಎಂದಳು. ಆದರೆ ಎಲ್ಲಿಗೆ ಹೋದರೂ ಒದ್ದೆ ನಮ್ಮ ಹಿಂದೆಯೇ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅತ್ತೆಗೆ ಕೆಮ್ಮು ಹತ್ತಿತು. ಎದೆಯೊಳಗೆ ಯಾರೋ ಜರಡಿ ಹಿಡಿದಂತೆ ಸದ್ದು ಬರುತ್ತಿತ್ತು. ಡಾಕ್ಟರು ಎದೆಗೆ ಕಿವಿನಳಿಗೆ ಇಟ್ಟು ಕೇಳಿ, ಈ ಗಾಳಿಯಲ್ಲಿದ್ದರೆ ಯಾವ ಗುಳಿಗೆಯೂ ಕೆಲಸ ಮಾಡುವುದಿಲ್ಲ ಎಂದರು. ಮನೆಗೆ ಬಂದು ನಾನು ಬಾಯಿಬಿಟ್ಟೆ.

"ಅತ್ತಿ, ಅವನ ಬಟ್ಟಿ ಕೊಡೂಣು."

ಅವಳು ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದಳು. "ನಿನಗ ಬ್ಯಾಸರ ಬಂತೇನು?"

"ನನಗ ನೀ ಉಳೀಬೇಕಾಗೈತಿ."

"ನಾ ಉಳದು ಏನು ಮಾಡ್ಲಿ? ನೀ ಬೇಕಾದ್ರ ತವರಿಗೆ ಹೋಗು. ಸಣ್ಣಾಕಿ ಅದಿ, ಯಾರೂ ಬ್ಯಾಡ ಅನ್ನೂದಿಲ್ಲ. ನಾ ಇಲ್ಲೇ ಇರ್ತೀನಿ. ಅವ ಬಂದ್ರ ಬಾಗಿಲ ತೆಗಿಯಾಕ ಒಬ್ಬರರ ಬೇಕಲ್ಲ."

"ಅವ ಬರೂದಿಲ್ಲ ಅತ್ತಿ!" ಎಂದುಬಿಟ್ಟೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯಲು ಬರಲಿಲ್ಲ. ನಾನು ಒಬ್ಬಳೇ ಬಡಿದು, ಒಬ್ಬಳೇ ಸುಟ್ಟು, ಆ ರೊಟ್ಟಿಯನ್ನು ಯಾರೂ ಕೊಳ್ಳುವುದಿಲ್ಲ ಎಂದು ನೆನಪಾಗಿ ಹಿಟ್ಟಿನ ಪರಾತದ ಮುಂದೆ ಅಳತೊಡಗಿದೆ. ಅವನಿಗೆ ಜ್ವರ ಬಂದಿತ್ತು ಎಂಬುದೊಂದೇ ನನಗೆ ನಿಜವಾಗಿ ಗೊತ್ತಿದ್ದದ್ದು. ಜ್ವರ ಬಂದರೆ ಅವನು ಮಗುವಿನ ಹಾಗೆ, ಹಣೆಯ ಮೇಲೆ ಯಾರದಾದರೂ ಕೈ ಇರಬೇಕಿತ್ತು. ಅಲ್ಲಿ ಯಾರ ಕೈ ಇತ್ತು? ಆಮೇಲೆ ಮೊದಲ ಸಲ ಅವನನ್ನು ಸತ್ತವನೆಂದು ನೆನೆದು ಅತ್ತುಬಿಟ್ಟೆ, ಮತ್ತು ಅತ್ತು ಮುಗಿದಾಗ ಕೆಮ್ಮತೊಡಗಿದೆ. ನಿಲ್ಲಲಿಲ್ಲ. ಉಸಿರು ಸಿಗದೆ ನೆಲಕ್ಕೆ ಕೈಯೂರಿದೆ. ಅತ್ತೆಯ ಎದೆಯಲ್ಲಿ ಕೇಳುತ್ತಿದ್ದ ಜರಡಿಯ ಸದ್ದು ನನ್ನ ಎದೆಯಿಂದ ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಬಂದು ನನ್ನ ಬೆನ್ನು ಸವರಿದಳು, ನೀರು ಕುಡಿಸಿದಳು. "ಇದು ಯಾವಾಗಿಂದ?" ಎಂದಳು. ನಾನು ತಂಬಿಗೆ ಮತ್ತೆ ಬಾಯಿಗೆ ಹಿಡಿದೆ. ಅವಳು ಬಹಳ ಹೊತ್ತು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು, ಒಳಗಿನ ಸದ್ದನ್ನು ಅಂಗೈಯಿಂದ ಕೇಳುವವಳಂತೆ.

ಮರುದಿನ ಬೆಳಗ್ಗೆ ನಾನು ಎದ್ದಾಗ ಅವಳು ಅಂಗಳದ ಒಗೆಯುವ ಕಲ್ಲಿನ ಮುಂದೆ ಕೂತಿದ್ದಳು. ಫಕೀರಪ್ಪನ ನೀಲಿ ಗೆರೆಯ ಅಂಗಿ, ಅವನು ಹಬ್ಬಕ್ಕೆಂದು ಇಟ್ಟುಕೊಂಡಿದ್ದ ಧೋತರ. ಕಾಲರಿನ ಚುಕ್ಕೆಗಳನ್ನು ನಿಂಬೆಹಣ್ಣು ಉಪ್ಪು ಹಾಕಿ ಉಜ್ಜುತ್ತಿದ್ದಳು. ಕೆಮ್ಮು ಬಂದಾಗ ನಿಲ್ಲಿಸಿ, ಮತ್ತೆ ಉಜ್ಜುತ್ತಿದ್ದಳು. ನಾನು ಹೋಗಿ ಕೈ ಹಾಕಿದರೆ ಬಿಡಲಿಲ್ಲ.

"ಬೂಷ್ಟು ಹಿಡಿದ ಅಂಗ್ಯಾಗ ಹೋಗೂದು ಬ್ಯಾಡ ಅವ" ಎಂದಳು.

ಬಿಸಿಲು ಚೆನ್ನಾಗಿತ್ತು. ಅಂಗಿ ಒಣಗುವ ತನಕ ಅವಳು ಹಗ್ಗದ ಕೆಳಗೇ ಕೂತಿದ್ದಳು. ಆಮೇಲೆ ತಂಬಿಗೆಗೆ ಕೆಂಡ ತುಂಬಿ ಇಸ್ತ್ರಿ ಮಾಡಿದಳು, ತೋಳಿನ ಗೆರೆ ಸರಿಯಾಗಿ ಬಂತೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಗುಂಡಿಯೊಂದು ಸಡಿಲಾಗಿತ್ತು. ಸೂಜಿಗೆ ದಾರ ಪೋಣಿಸಲು ಅವಳಿಗೆ ಕಣ್ಣು ಕಾಣಲಿಲ್ಲ, ನಾನು ಪೋಣಿಸಿ ಕೊಟ್ಟೆ. ಹೊಲಿದು, ಹಲ್ಲಿನಿಂದ ದಾರ ಕಡಿದು, ಮಡಿಸಿ, "ಅಯ್ಯನೋರಿಗೆ ಹೇಳಿ ಕಳಿಸು" ಎಂದಳು.

ಊರ ಹೊರಗಿನ ಗುಡ್ಡದ ಮಗ್ಗುಲಿಗೆ ಹೋದೆವು. ಅಂದಾನೆಪ್ಪನವರು ಗಿರಣಿ ನಿಲ್ಲಿಸಿ ಬಂದಿದ್ದರು. ಕುಣಿ ಅಗೆಯಲು ಹುಸೇನಸಾಬ ಯಾರೂ ಕರೆಯದೆ ಬಂದ. ಬಟ್ಟೆಗೆ ಎಷ್ಟು ಕುಣಿ ಬೇಕು, ಮೊಳ ಉದ್ದ ಸಾಕು. ಅವನು ಒಬ್ಬ ಮನುಷ್ಯ ಮಲಗುವಷ್ಟು ಅಗೆದ. ಅತ್ತೆ ಧೋತರವನ್ನೂ ಅಂಗಿಯನ್ನೂ ಅದರಲ್ಲಿ ಉದ್ದಕ್ಕೆ ಹಾಸಿ, ಅಂಗಿಯ ತೋಳುಗಳನ್ನು ಎದೆಯ ಮೇಲೆ ಮಡಿಸಿಟ್ಟಳು. ಆಗ ಅತ್ತಳು. ಅವಳ ಅಳುವಿಗೆ ಗುಡ್ಡದ ಮೇಲೆ ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. ಮಣ್ಣು ಹಾಕಿದ ಮೇಲೆ ಓಣಿಯ ಹೆಂಗಸರು ಬಳೆ ಒಡೆಯಲು ನನ್ನ ಕೈ ಹಿಡಿದರು. ಅತ್ತೆ ಅಳು ನಿಲ್ಲಿಸಿ, "ಆಕೀ ಕೈ ಮುಟ್ಟಬ್ಯಾಡ್ರಿ" ಎಂದಳು. ಅವರು ಬಿಟ್ಟರು.

ಗೋಡೆ ಒಣಗಿತು. ಇಡೀ ಚಳಿಗಾಲ ನಮ್ಮನ್ನು ಅರೆದದ್ದು ವಾರ ತುಂಬುವುದರೊಳಗೆ ಒಣಗಿತು. ಬೂಷ್ಟು ಹಪ್ಪಳದಂತೆ ಎದ್ದು ತಾನೇ ಉದುರಿತು. ನಾನು ಕಸಬರಿಗೆಯಿಂದ ಗುಡಿಸಿ ಹೊರಗೆ ಚೆಲ್ಲಿದೆ. ನನ್ನ ಕೆಮ್ಮು ಹೋಯಿತು. ಅತ್ತೆಯದು ಇಳಿಯಿತು, ಪೂರ್ತಿ ಹೋಗಲಿಲ್ಲ. ಅಂದಾನೆಪ್ಪನವರು ಗೋಡೆಗೆ ಗಾರೆಯ ಗಿಲಾವು ಮಾಡಿಸಿ ಬಣ್ಣ ಹಚ್ಚಿಸುತ್ತೇನೆ, ಇಲ್ಲೇ ಇರಿ ಎಂದರು. ಅತ್ತೆ ಒಪ್ಪಲಿಲ್ಲ. "ಇಷ್ಟ ಲಗೂ ಒಣಗತೈತಿ ಅಂತ ನನಗ ಗೊತ್ತಿರಲಿಲ್ಲಪ್ಪ. ಈ ಗೋಡಿ ಜೋಡಿ ನಾ ಇರಲಾರೆ" ಎಂದಳು.

ಕೆರೆಯ ಆಚೆ ಒಂದು ಮನೆ ಖಾಲಿ ಇದೆ ಎಂದು ಕೇಳಿ ನೋಡಲು ಹೋದೆವು. ಒಂದೇ ಕೋಣೆ, ಆದರೆ ಬೆಳಗಿನ ಬಿಸಿಲು ಒಲೆಯ ತನಕ ಬರುತ್ತಿತ್ತು. ಹಳದಿ ಬಣ್ಣ ಹೊಸದಾಗಿ ಹಚ್ಚಿದ್ದರು. ಮನೆಯ ಯಜಮಾನಿ ದಪ್ಪ ಕನ್ನಡಕದ ಮುದುಕಿ, ಕೀಲಿಕೈ ಸೆರಗಿಗೆ ಕಟ್ಟಿಕೊಂಡಿದ್ದಳು. ಎಷ್ಟು ಮಂದಿ ಇರುತ್ತೀರಿ, ಏನು ಕೆಲಸ ಎಂದೆಲ್ಲ ಕೇಳಿದಳು. ನಾವು ರೊಟ್ಟಿಯ ಮಾತು ಹೇಳಿದೆವು. ಆಮೇಲೆ ಅವಳು ಗೋಡೆಯ ಕಡೆ ನೋಡುತ್ತ, ಸ್ವಲ್ಪ ಸಂಕೋಚದಿಂದಲೇ ಕೇಳಿದಳು.

"ಸಿಟ್ಟಾಗಬ್ಯಾಡ್ರಿ, ಈಗ ಬಣ್ಣ ಹಚ್ಚಿಸೀವಿ ಅಂತ ಕೇಳಾಕತ್ತೇನಿ. ನಿಮ್ಮ ಮಂದ್ಯಾಗ ಹೊರಗ ದುಡಿಯಾಕ ಹೋದವರು ಯಾರರ ಅದಾರೇನ್ರಿ?"

ನಾನು ಅತ್ತೆಯ ಮುಖ ನೋಡಲಾರದೆ ನೆಲ ನೋಡಿದೆ.

"ಇಲ್ಲವ್ವ" ಎಂದಳು ಕಾಶವ್ವ. "ಹೊರಗ ಯಾರೂ ಇಲ್ಲ. ನಾವಿಬ್ಬರ."

"ಹಂಗಾರ ಛಲೋ ಆತು ಬಿಡ್ರಿ" ಎಂದು ಮುದುಕಿ ಹಿಗ್ಗಿ, ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಅವಳ ಕೈಯಲ್ಲಿಟ್ಟಳು.